ದೊಡ್ಡ ಕೋನಕ್ಕೆ ದೊಡ್ಡ ಬಾಹು ಸರಿ, ಎರಡು ಪಟ್ಟು ಕೋನಕ್ಕೆ ಎರಡು ಪಟ್ಟು ಬಾಹು ಯಾಕಲ್ಲ?

ಪ್ರಶ್ನೆ: ಹೊನ್ನಾವರದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ತ್ರಿಭುಜದಲ್ಲಿ ದೊಡ್ಡ ಕೋನದ ಎದುರಿನ ಬಾಹು ದೊಡ್ಡದು ಎಂದು ಕಲಿಸುತ್ತಿದ್ದಾಗ ಒಬ್ಬ ಹುಡುಗಿ, “ಹಾಗಾದ್ರೆ ಕೋನ ಡಬಲ್ ಆದ್ರೆ ಬಾಹುವೂ ಡಬಲ್ ಆಗ್ತದಾ ಸರ್?” ಎಂದಳು. ಆಗುವುದಿಲ್ಲ ಎಂದೆ. ಯಾಕೆ ಎಂದು ಸೈನ್ ನಿಯಮ (ಬಾಹುಗಳ ಅನುಪಾತವು ಎದುರಿನ ಕೋನಗಳ ಸೈನ್‌ಗಳ ಅನುಪಾತವೇ ಎಂಬುದು) ಬಳಸದೆ ಹೇಳಲು ಗೊತ್ತಾಗಲಿಲ್ಲ. ಸ್ಪರ್ಧಾ ಪರೀಕ್ಷೆಯ ಒಂದು ಲೆಕ್ಕವೂ ಇದೆ: ಪ್ರತಿ ಬಾಹುವನ್ನು ಅದರ ಎದುರಿನ ಕೋನದಿಂದ ಗುಣಿಸಿ, ಮೂರನ್ನೂ ಕೂಡಿಸಿ, ಸುತ್ತಳತೆಯಿಂದ ಭಾಗಿಸಿದರೆ ಉತ್ತರ 60 ಡಿಗ್ರಿಗಿಂತ ಕೆಳಗಿಳಿಯದು, 90 ಡಿಗ್ರಿಯನ್ನು ಮುಟ್ಟದು ಎಂದು ಸಾಧಿಸಬೇಕು. ಈ ಅಸಮತೆಗಳು ನಮ್ಮ ಕಡೆಯ ಕೆಲಸಗಳಲ್ಲಿ ಎಲ್ಲಾದರೂ ಬಳಕೆಯಾಗುತ್ತವೆಯೇ ಎಂಬುದನ್ನೂ ತಿಳಿಸಿ.

ಉತ್ತರ: ಆ ಹುಡುಗಿ ಕೇಳಿದ್ದೇ ಈ ಪಾಠದ ಮುಖ್ಯ ಪ್ರಶ್ನೆ. ತ್ರಿಭುಜದಲ್ಲಿ ಕೋನಗಳ ಹಿರಿ-ಕಿರಿ ಕ್ರಮ ಯಾವುದೋ ಅವುಗಳ ಎದುರಿನ ಬಾಹುಗಳ ಕ್ರಮವೂ ಅದೇ. ಎಷ್ಟು ಪಟ್ಟು ಎಂಬ ಲೆಕ್ಕ ಮಾತ್ರ ಕೋನದಿಂದ ಬಾಹುವಿಗೆ ಹಾಗೇ ದಾಟುವುದಿಲ್ಲ. ಕ್ರಮ ಬೇರೆ, ಅನುಪಾತ ಬೇರೆ ಎಂಬುದು ಮಕ್ಕಳ ಮನಸ್ಸಿನಲ್ಲಿ ಮೊದಲ ದಿನವೇ ಕೂರಬೇಕು. ಇಲ್ಲವಾದರೆ ಪಿಯುಸಿಯಲ್ಲಿ ಸೈನ್ ನಿಯಮ ಬಂದಾಗಲೂ ಅದೇ ಗೊಂದಲ ಉಳಿದಿರುತ್ತದೆ.

ಮೊದಲು ಕೈಯಿಂದ ಮಾಡಿಸಿ. ತೆಂಗಿನ ಗರಿಯ ಕಡ್ಡಿಗಳನ್ನು 8, 10, 12 ಸೆಂ.ಮೀ. ಉದ್ದಕ್ಕೆ ಕತ್ತರಿಸಿ ತ್ರಿಭುಜ ಜೋಡಿಸಲಿ, ಕೋನಮಾಪಕದಿಂದ ಅಳೆಯಲಿ. 8 ಸೆಂ.ಮೀ. ಕಡ್ಡಿಯ ಎದುರಿನ ಕೋನ ಸುಮಾರು 41.4 ಡಿಗ್ರಿ, 12 ಸೆಂ.ಮೀ. ಕಡ್ಡಿಯ ಎದುರಿನದು ಸುಮಾರು 82.8. ಕೋನ ಸರಿಯಾಗಿ ಎರಡು ಪಟ್ಟು, ಬಾಹು ಒಂದೂವರೆ ಪಟ್ಟು ಮಾತ್ರ. ಬಾಹುಗಳು 4, 5, 6ರ ಅನುಪಾತದಲ್ಲಿರುವ ಯಾವ ತ್ರಿಭುಜಕ್ಕೂ ಇದೇ ಕೋನಗಳು. ಕಡ್ಡಿಯ ತುದಿಗಳು ಒಂದರ ಮೇಲೊಂದು ಏರಿ ಕೂತರೆ ಅಳತೆ ಎರಡು ಮೂರು ಡಿಗ್ರಿ ತಪ್ಪುತ್ತದೆ. ಹಾಗಾಗಿ ಕಡ್ಡಿಯ ಒಳ ಅಂಚನ್ನು ಹಿಡಿದು ಕಾಗದದ ಮೇಲೆ ಗೆರೆ ಎಳೆಸಿ, ಆ ಗೆರೆಗಳ ನಡುವೆ ಅಳೆಯಲು ಹೇಳಿ.

ಈಗ ಸಾಧನೆ, ಒಂಬತ್ತನೇ ತರಗತಿಯವರಿಗೆ ಗೊತ್ತಿರುವುದನ್ನಷ್ಟೇ ಬಳಸಿ. ಅಬಕ ತ್ರಿಭುಜದಲ್ಲಿ ಅ ಕೋನವು ಬ ಕೋನದ ಎರಡು ಪಟ್ಟು ಇರಲಿ. ಬಕ ಬಾಹು ಅಕ ಬಾಹುವಿನ ಎರಡು ಪಟ್ಟಿಗಿಂತ ಕಡಿಮೆ ಎಂದು ತೋರಿಸಬೇಕು. ಕ ಬಿಂದುವಿನಲ್ಲಿ ಕಬ ಜೊತೆಗೆ ಬ ಕೋನದಷ್ಟೇ ಕೋನ ಮಾಡುವ ಒಂದು ಗೆರೆಯನ್ನು ಅ ಇರುವ ಬದಿಗೆ ಎಳೆಯಿರಿ. ಅದು ಬಅ ರೇಖೆಯನ್ನು ಡ ದಲ್ಲಿ ಸಂಧಿಸಲಿ. ಡಬಕ ತ್ರಿಭುಜದ ಬುಡದ ಎರಡೂ ಕೋನ ಸಮ, ಆದ್ದರಿಂದ ಡಬ = ಡಕ. ಡ ಬಿಂದುವಿನಲ್ಲಿ ಆ ತ್ರಿಭುಜದ ಬಾಹ್ಯ ಕೋನ ಬ + ಬ, ಅಂದರೆ ಅ ಕೋನದಷ್ಟೇ. ಹಾಗಾಗಿ ಕಡಅ ತ್ರಿಭುಜವೂ ಸಮದ್ವಿಬಾಹು, ಕಡ = ಕಅ. ಈಗ ಡಬಕ ತ್ರಿಭುಜಕ್ಕೆ ಎರಡು ಬಾಹುಗಳ ಮೊತ್ತದ ನಿಯಮ ಹಾಕಿ: ಬಕ < ಬಡ + ಡಕ. ಬಲಗಡೆಯ ಎರಡೂ ಅಕ ದಷ್ಟೇ ಉದ್ದ. ಆದ್ದರಿಂದ ಬಕ < 2 × ಅಕ.

ಇಲ್ಲಿ ಒಂದು ಎಚ್ಚರ ಬೇಕು. ಅ ಕೋನ ಲಘುವಾದರೆ ಡ ಬಿಂದು ಬ ಮತ್ತು ಅ ಗಳ ನಡುವೆ ಬೀಳುತ್ತದೆ. ಅ ವಿಶಾಲಕೋನವಾದರೆ ಡ ಬಿಂದು ಅ ದಾಟಿ ಆಚೆ ಬೀಳುತ್ತದೆ. ಆಗ ಹೋಲಿಸಬೇಕಾದದ್ದು ಅ ಮತ್ತು ಡ ಗಳಲ್ಲಿರುವ 180 − 2ಬ ಎಂಬ ಎರಡು ಕೋನಗಳನ್ನು. ಅ ಸರಿಯಾಗಿ 90 ಆದರೆ ಡ ಮತ್ತು ಅ ಒಂದೇ ಬಿಂದು. ಮೂರರಲ್ಲೂ ಫಲಿತಾಂಶ ಅದೇ, ಚಿತ್ರ ಮಾತ್ರ ಬೇರೆ. ಒಂದೇ ಚಿತ್ರ ಬರೆದು ಸಾಧನೆ ಮುಗಿಯಿತೆಂದು ಬಿಟ್ಟರೆ ಚುರುಕು ಮಕ್ಕಳು ವಿಶಾಲಕೋನದ ಚಿತ್ರ ಬರೆದುಕೊಂಡು ಬಂದು ನಿಲ್ಲುತ್ತಾರೆ, ನಿಲ್ಲಬೇಕು ಕೂಡ.

ಹಾಗಾದರೆ ಬಾಹು ಎಷ್ಟು ಪಟ್ಟು ಆಗುತ್ತದೆ? ಅದು ಬ ಕೋನವನ್ನು ಅವಲಂಬಿಸಿದೆ. ಬ 10 ಡಿಗ್ರಿ, ಅ 20 ಡಿಗ್ರಿ ಇದ್ದರೆ 1.97 ಪಟ್ಟು, ಹೆಚ್ಚುಕಡಿಮೆ ಎರಡೇ. 30 ಮತ್ತು 60ಕ್ಕೆ 1.73 ಪಟ್ಟು. 45 ಮತ್ತು 90ಕ್ಕೆ 1.41. 59 ಮತ್ತು 118ಕ್ಕೆ ಬರೀ 1.03. ಕೋನ ಎರಡು ಪಟ್ಟೇ ಇದ್ದರೂ ಬಾಹುವಿನ ಪಟ್ಟು 2ರಿಂದ 1ರವರೆಗೆ ಎಲ್ಲಿ ಬೇಕಾದರೂ ಇರಬಹುದು, ಆದರೆ ಆ ಎರಡು ಕೊನೆಗಳನ್ನು ಮುಟ್ಟುವುದಿಲ್ಲ. ಎರಡು ಪಟ್ಟಿಗೆ ಮಾತ್ರ ಸೀಮಿತವಾದ ಮಾತೂ ಇದಲ್ಲ. ಯಾವುದೇ ತ್ರಿಭುಜದಲ್ಲಿ ಒಂದು ಕೋನ ಇನ್ನೊಂದಕ್ಕಿಂತ ದೊಡ್ಡದಾದರೆ, ಅವುಗಳ ಎದುರಿನ ಬಾಹುಗಳ ಅನುಪಾತ 1ಕ್ಕಿಂತ ಹೆಚ್ಚು, ಕೋನಗಳ ಅನುಪಾತಕ್ಕಿಂತ ಕಡಿಮೆ. ಕೋನ ಬೆಳೆದಂತೆ ಸೈನ್ ಅಷ್ಟು ವೇಗವಾಗಿ ಬೆಳೆಯುವುದಿಲ್ಲ, 90 ದಾಟಿದ ಮೇಲೆ ಇಳಿಯುತ್ತದೆ ಎನ್ನುವುದೇ ಇದರ ಹಿಂದಿನ ಕಾರಣ. ಪಿಯುಸಿ ಮಕ್ಕಳಿದ್ದರೆ ಅವರಿಗೆ ಇದನ್ನೂ ಹೇಳಿ.

ಮೂಲ ಪ್ರಮೇಯಗಳನ್ನು ಯಾವ ಕ್ರಮದಲ್ಲಿ ಕಲಿಸಬೇಕು ಎಂಬುದರಲ್ಲಿ ನನ್ನ ಅಭಿಪ್ರಾಯ ಖಚಿತ. ಯೂಕ್ಲಿಡ್‌ನ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಪುಸ್ತಕದ 18, 19, 20ನೇ ಪ್ರಮೇಯಗಳ ಕ್ರಮವನ್ನು ಕದಲಿಸಬೇಡಿ. 18ನೆಯದು ದೊಡ್ಡ ಬಾಹುವಿನ ಎದುರು ದೊಡ್ಡ ಕೋನ ಎನ್ನುತ್ತದೆ. ಅಕ ಬಾಹು ಅಬ ಗಿಂತ ದೊಡ್ಡದಿದ್ದರೆ ಅಕ ಮೇಲೆ ಅಬ ದಷ್ಟೇ ಉದ್ದಕ್ಕೆ ಡ ಗುರುತಿಸಿ. ಅಬಡ ಸಮದ್ವಿಬಾಹು, ∠ಅಬಡ = ∠ಅಡಬ. ಎರಡನೆಯದು ಡಬಕ ತ್ರಿಭುಜದ ಬಾಹ್ಯ ಕೋನ, ಆದ್ದರಿಂದ ಕ ಕೋನಕ್ಕಿಂತ ದೊಡ್ಡದು. ಬ ಕೋನವಂತೂ ∠ಅಬಡ ಗಿಂತಲೂ ದೊಡ್ಡದು. ಮುಗಿಯಿತು. 19ನೆಯದು ಅದರ ವಿಲೋಮ. ಬಾಹು ಸಮವಾದರೆ ಕೋನ ಸಮ, ಬಾಹು ಚಿಕ್ಕದಾದರೆ ಕೋನ ಚಿಕ್ಕದು, ಎರಡೂ ಅಲ್ಲವಾದ್ದರಿಂದ ಬಾಹು ದೊಡ್ಡದೇ. 20ನೆಯದು ಎರಡು ಬಾಹುಗಳ ಮೊತ್ತ ಮೂರನೆಯದಕ್ಕಿಂತ ಹೆಚ್ಚು ಎಂಬುದು. ಬಅ ಬಾಹುವನ್ನು ಅ ದಾಚೆ ಅಕ ದಷ್ಟೇ ಉದ್ದಕ್ಕೆ ಡ ವರೆಗೆ ಬೆಳೆಸಿ. ∠ಅಕಡ = ∠ಅಡಕ. ಬಕಡ ಕೋನ ಅದಕ್ಕಿಂತ ದೊಡ್ಡದು. ಆದ್ದರಿಂದ 19ರ ಪ್ರಕಾರ ಬಡ > ಬಕ, ಅಂದರೆ ಬಅ + ಅಕ > ಬಕ.

“ಎರಡು ಬಿಂದುಗಳ ನಡುವೆ ನೇರ ಗೆರೆಯೇ ಹತ್ತಿರದ ದಾರಿ” ಎಂದು ಹೇಳಿ 20ನೆಯದನ್ನು ಮುಗಿಸುವವರಿದ್ದಾರೆ. ಅದು ಸಾಧನೆಯಲ್ಲ, ಸಾಧಿಸಬೇಕಾದದ್ದನ್ನೇ ಬೇರೆ ಮಾತಿನಲ್ಲಿ ಹೇಳಿದ್ದು. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು 3, 6, 9 ಬಾಹುಗಳ ತ್ರಿಭುಜ ಕೊಡುವವನನ್ನು ಧಾರ್ಷ್ಟ್ಯದವನೆಂದು ಕರೆದು, ಅಂಥದು ಕ್ಷೇತ್ರವೇ ಅಲ್ಲ ಎಂದಿದ್ದಾರೆ. 3 + 6 = 9, ಸಮವಾದರೂ ತ್ರಿಭುಜವಾಗದು ಎಂಬುದನ್ನು ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಮಕ್ಕಳು ಅತಿ ಹೆಚ್ಚು ತಪ್ಪುವುದು ಈ ಸಮ ಚಿಹ್ನೆಯಲ್ಲೇ. 7 ಮತ್ತು 11 ಬಾಹುಗಳಾದರೆ ಮೂರನೆಯದು 4ಕ್ಕಿಂತ ಹೆಚ್ಚು, 18ಕ್ಕಿಂತ ಕಡಿಮೆ. ಪೂರ್ಣಾಂಕಗಳಲ್ಲಿ 5ರಿಂದ 17ರವರೆಗೆ 13 ಉತ್ತರಗಳು, 4 ಮತ್ತು 18 ಸೇರುವುದಿಲ್ಲ. ಅದೇ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಿರಿ: ಇವುಗಳಲ್ಲಿ ಲಘುಕೋನ ತ್ರಿಭುಜಗಳೆಷ್ಟು? ದೊಡ್ಡ ಬಾಹುವಿನ ವರ್ಗ ಉಳಿದೆರಡರ ವರ್ಗಗಳ ಮೊತ್ತಕ್ಕಿಂತ ಕಡಿಮೆ ಇರಬೇಕು, ಆದ್ದರಿಂದ ಮೂರನೆಯದರ ವರ್ಗ 121 − 49 = 72 ಮತ್ತು 121 + 49 = 170ರ ನಡುವೆ. 9ರಿಂದ 13ರವರೆಗೆ ಐದೇ. 13ರ ವರ್ಗ 169, ಒಂದರ ಅಂತರದಲ್ಲಿ ಒಳಗೆ ಉಳಿಯುತ್ತದೆ. ಬಾಕಿ ಎಂಟೂ ವಿಶಾಲಕೋನ ತ್ರಿಭುಜಗಳು.

ಇನ್ನೊಂದು ತಪ್ಪು ಇದಕ್ಕಿಂತ ಆಳದ್ದು. ದೊಡ್ಡ ಕೋನ-ದೊಡ್ಡ ಬಾಹು ನಿಯಮ ಒಂದೇ ತ್ರಿಭುಜದ ಒಳಗಿನದು. ಎರಡು ತ್ರಿಭುಜಗಳಿರುವ ಚಿತ್ರ ಕೊಟ್ಟರೆ ಮಕ್ಕಳು ಇಡೀ ಚಿತ್ರದ ದೊಡ್ಡ ಕೋನ ಹುಡುಕಿ ಅದರ ಎದುರಿನ ಬಾಹುವೇ ದೊಡ್ಡದು ಎಂದು ಬರೆಯುತ್ತಾರೆ. ಈ ಲೆಕ್ಕ ಕೊಟ್ಟು ನೋಡಿ. ಅಬಕಡ ಚತುರ್ಭುಜಕ್ಕೆ ಅಕ ಕರ್ಣ. ಅಬಕ ತ್ರಿಭುಜದಲ್ಲಿ ಅ, ಬ, ಕ ಬಳಿಯ ಕೋನಗಳು 60, 70, 50. ಅಕಡ ತ್ರಿಭುಜದಲ್ಲಿ ಅ, ಕ, ಡ ಬಳಿಯವು 60, 65, 55. ಚಿತ್ರದ ಆರು ಕೋನಗಳಲ್ಲಿ ದೊಡ್ಡದು 70, ಅದರ ಎದುರಿಗಿರುವುದು ಅಕ. ಆದರೆ ಅಕ ಎರಡನೇ ತ್ರಿಭುಜದಲ್ಲಿ 55 ಡಿಗ್ರಿಯ ಎದುರಿದೆ, ಅಲ್ಲಿ ಅದೇ ಎಲ್ಲಕ್ಕಿಂತ ಚಿಕ್ಕದು. ಸರಿಯಾದ ಕ್ರಮ: ಅಬ < ಬಕ < ಅಕ < ಕಡ < ಅಡ. ಎರಡೂ ತ್ರಿಭುಜಕ್ಕೆ ಸೇರಿದ ಬಾಹುವನ್ನು ಹಿಡಿದೇ ಒಂದರಿಂದ ಇನ್ನೊಂದಕ್ಕೆ ದಾಟಬೇಕು. ಹಂಚಿಕೊಂಡ ಬಾಹು ಇಲ್ಲದಿದ್ದರೆ ಹೋಲಿಕೆಗೆ ಆಧಾರವೇ ಇಲ್ಲ. ಒಂದು ವಿನಾಯಿತಿ ಇದೆ: ಎರಡು ತ್ರಿಭುಜಗಳಲ್ಲಿ ಎರಡೆರಡು ಬಾಹುಗಳು ಕ್ರಮವಾಗಿ ಸಮವಾಗಿದ್ದರೆ, ಅವುಗಳ ನಡುವಿನ ಕೋನ ಎಲ್ಲಿ ಹೆಚ್ಚೋ ಅಲ್ಲಿ ಮೂರನೇ ಬಾಹು ಹೆಚ್ಚು. ಯೂಕ್ಲಿಡ್‌ನಲ್ಲಿ ಇದು 24ನೇ ಪ್ರಮೇಯ.

ಆ 24ನೇ ಪ್ರಮೇಯ ಶಿರಸಿ, ಸಿದ್ದಾಪುರದ ಹಂಚಿನ ಮಾಡಿನಲ್ಲಿ, ಅಂದರೆ ಛಾವಣಿಯಲ್ಲಿ, ಕಣ್ಣಿಗೆ ಕಾಣುತ್ತದೆ. ಎರಡು ಗೋಡೆಗಳ ನಡುವಿನ ಅಗಲ 6 ಮೀಟರ್ ಇರಲಿ. ಎರಡು ಬದಿಯ ಪಕಾಸಿಗಳು (ಹಂಚು ಹೊರುವ ಇಳಿಜಾರು ಮರಗಳು), ಸೂರಿನಾಚೆ ಚಾಚುವ ಭಾಗ ಬಿಟ್ಟು, ತಲಾ 3 ಮೀಟರ್ ಇದ್ದರೆ ಮಾಡು ಏಳುವುದೇ ಇಲ್ಲ, ಚಪ್ಪಟೆ ಮಲಗುತ್ತದೆ. ತಲಾ 5 ಸೆಂ.ಮೀ. ಹೆಚ್ಚಿಸಿ 3.05 ಮಾಡಿದರೆ ನೆತ್ತಿ 55 ಸೆಂ.ಮೀ. ಮೇಲೇಳುತ್ತದೆ. 3.10 ಮಾಡಿದರೆ 78 ಸೆಂ.ಮೀ. ಮೊತ್ತವು ಮೂರನೇ ಬಾಹುವಿನ ಹತ್ತಿರ ಬಂದಾಗ ಉದ್ದದ ಸಣ್ಣ ವ್ಯತ್ಯಾಸವೂ ಎತ್ತರದಲ್ಲಿ ದೊಡ್ಡದಾಗುತ್ತದೆ. ಇಳಿಜಾರು 30 ಡಿಗ್ರಿ ಬೇಕಾದರೆ ಪಕಾಸಿ 3.46 ಮೀಟರ್, ಎತ್ತರ 1.73.

ಈಗ ಎರಡು ಗೋಡೆಗಳನ್ನು ಹಿಡಿದಿಡುವ ಅಡ್ಡತೊಲೆಯ ಕೀಲು ಸಡಿಲಾಗಿ ಗೋಡೆಗಳು ಒಟ್ಟು 10 ಸೆಂ.ಮೀ. ಹೊರಕ್ಕೆ ಸರಿದವು ಎನ್ನಿ. ಪಕಾಸಿಯ ಉದ್ದ ಬದಲಾಗದು. ಬುಡ ಅಗಲವಾದ್ದರಿಂದ ನೆತ್ತಿಯ ಕೋನ ಹಿಗ್ಗಲೇಬೇಕು, ನೆತ್ತಿ ಇಳಿಯಲೇಬೇಕು. 30 ಡಿಗ್ರಿಯ ಮಾಡಿನಲ್ಲಿ ಇಳಿತ ಸುಮಾರು 9 ಸೆಂ.ಮೀ. 3.10 ಮೀಟರ್ ಪಕಾಸಿಯ ತಗ್ಗು ಮಾಡಿನಲ್ಲಿ ಅದೇ ಸರಿತಕ್ಕೆ ಸುಮಾರು 23 ಸೆಂ.ಮೀ. ತಗ್ಗು ಮಾಡಿಗೆ ಅಡ್ಡತೊಲೆ ಇನ್ನೂ ಬಿಗಿಯಾಗಿರಬೇಕು ಎನ್ನುವುದರ ಲೆಕ್ಕ ಇದೇ. ನೆತ್ತಿ ಬಾಗಿದ ಮಾಡಿನಲ್ಲಿ ಹಂಚು ಬದಲಾಯಿಸುವ ಮೊದಲು ಗೋಡೆಯಿಂದ ಗೋಡೆಗೆ ಟೇಪು ಹಿಡಿದು, ಮೂಲೆಯ ಬಳಿಯ ಅಗಲಕ್ಕೂ ನಡುವಿನ ಅಗಲಕ್ಕೂ ಹೋಲಿಸಿ ನೋಡುವುದು ಒಳ್ಳೆಯದು.

ಕಡಲಿನ ಉದಾಹರಣೆ ಕಾರವಾರದ್ದು. ದೇವಗಡ ದ್ವೀಪದ ದೀಪಸ್ತಂಭವನ್ನು ನೋಡುತ್ತ ದಕ್ಷಿಣದಿಂದ ಒಂದೇ ದಿಕ್ಕು ಹಿಡಿದು ಬೋಟು ಬರುತ್ತಿದೆ. ಬೋಟಿನ ಮುಂದಿನ ದಿಕ್ಕಿಗೂ ದೀಪಕ್ಕೂ ನಡುವಿನ ಕೋನವನ್ನು ಬೋಟು ನಡೆಸುವ ತಾಂಡೇಲ ಹೋಕಾಯಂತ್ರದಿಂದ (ದಿಕ್ಸೂಚಿಯಿಂದ) ನೋಡುತ್ತಾನೆ, 30 ಡಿಗ್ರಿ. ಗಂಟೆಗೆ 6 ನಾಟಿಕಲ್ ಮೈಲು ವೇಗದಲ್ಲಿ 40 ನಿಮಿಷ ಓಡಿದ ಮೇಲೆ, ಅಂದರೆ 4 ಮೈಲು ದಾಟಿದ ಮೇಲೆ, ಆ ಕೋನ 60 ಆಗಿದೆ. 60 ಎಂಬುದು ಬಾಹ್ಯ ಕೋನ, ಆದ್ದರಿಂದ ದೀಪದ ಬಳಿಯ ಕೋನ 60 − 30 = 30. ತ್ರಿಭುಜ ಸಮದ್ವಿಬಾಹು, ದೀಪ ಈಗ ಸರಿಯಾಗಿ 4 ಮೈಲು ದೂರ. ಕೋನ ಎರಡು ಪಟ್ಟಾದಾಗ ಓಡಿದ ದೂರವೇ ಉಳಿದ ದೂರ.

ಎರಡನೇ ಸಲ 60ರ ಬದಲು 70 ಕಂಡರೆ? ದೀಪದ ಬಳಿಯ ಕೋನ 40, ಅದು 30ಕ್ಕಿಂತ ದೊಡ್ಡದು. ಅದರ ಎದುರಿನ ಬಾಹು ಓಡಿದ 4 ಮೈಲು, 30ರ ಎದುರಿನದು ದೀಪದ ದೂರ. ಹಾಗಾದರೆ ದೀಪ 4 ಮೈಲಿಗಿಂತ ಹತ್ತಿರ ಇದೆ, ಕಾಗದ ಪೆನ್ಸಿಲು ಮುಟ್ಟದೆ ಗೊತ್ತಾಯಿತು. ಲೆಕ್ಕ ಹಾಕಿದರೆ 3.1 ಮೈಲು. 50 ಕಂಡಿದ್ದರೆ ದೂರ 4ಕ್ಕಿಂತ ಹೆಚ್ಚು, ಸುಮಾರು 5.8. ಬಂಡೆಯ ಹತ್ತಿರ ಹೋಗುತ್ತಿದ್ದೇವೋ ಇಲ್ಲವೋ ಎಂದು ತಿಳಿಯಲು 19ನೇ ಪ್ರಮೇಯ ಸಾಕು. ಜಿಪಿಎಸ್ ಕೆಟ್ಟಾಗ ಈಗಲೂ ಇದು ಕೈಹಿಡಿಯುವ ಉಪಾಯ.

ತಪ್ಪುವುದು ಎಲ್ಲಿ ಎಂದರೆ, ಮೊದಲ ಕೋನ ತೀರಾ ಚಿಕ್ಕದಿದ್ದಾಗ. 10 ಮತ್ತು 20 ಎಂದು ಓದಿದ್ದರಲ್ಲಿ ಎರಡನೆಯದು ನಿಜಕ್ಕೂ 22 ಇದ್ದರೆ ದೂರ 4 ಮೈಲು ಅಲ್ಲ, 3.3. ಅದೇ 2 ಡಿಗ್ರಿ ತಪ್ಪು 30 ಮತ್ತು 60ರಲ್ಲಿ ಆದರೆ 3.8. ಆದ್ದರಿಂದ ಕೋನ 25, 30 ಆಗುವವರೆಗೆ ಕಾಯುವುದು ಮೇಲು. ಇನ್ನು ನೀರಿನ ಸೆಳೆತ. ಎದುರು ಸೆಳೆತವಿದ್ದರೆ 40 ನಿಮಿಷಕ್ಕೆ ನೆಲದ ಲೆಕ್ಕದಲ್ಲಿ 4 ಮೈಲು ಸಾಗಿರುವುದಿಲ್ಲ, ದೀಪ ನೀವೆಣಿಸಿದ್ದಕ್ಕಿಂತ ಹತ್ತಿರವಿರುತ್ತದೆ. ಅಪಾಯ ಇರುವುದು ಆ ಬದಿಗೇ.

ನೆಲದ ಮೇಲೆ ಒಂದು ಲೆಕ್ಕ ಮಾಡಿಸಬಹುದು. ಕುಮಟೆಯಿಂದ ಕಾರವಾರಕ್ಕೆ ನಕ್ಷೆಯ ನೇರ ದೂರ ಸುಮಾರು 50 ಕಿ.ಮೀ., ಕುಮಟೆಯಿಂದ ಶಿರಸಿಗೂ ಹೆಚ್ಚುಕಡಿಮೆ ಅಷ್ಟೇ, ಕಾರವಾರ-ಶಿರಸಿ ಸುಮಾರು 80. 80ರ ವರ್ಗ 6400, 50ರ ವರ್ಗ ಎರಡು ಸಲ ಸೇರಿ 5000. ಆದ್ದರಿಂದ ಕುಮಟೆಯ ಕೋನ ವಿಶಾಲ. ಇದನ್ನು ರಸ್ತೆಯ ಕಿಲೋಮೀಟರಿನಿಂದ ಮಾಡಿಸಬೇಡಿ. ದೇವಿಮನೆ ಘಟ್ಟದ ತಿರುವುಗಳು ಸೇರಿದ ದೂರಕ್ಕೆ ಕೋನವೇ ಇಲ್ಲ. ಅತಿ ಹತ್ತಿರದ ದಾರಿ ಹಿಡಿದು ಅಳೆದ ರಸ್ತೆ ದೂರಗಳೂ ಮೊತ್ತದ ನಿಯಮವನ್ನು ಪಾಲಿಸುತ್ತವೆ, ಆದರೆ ಅಲ್ಲಿ ಸಮವೂ ಆಗಬಹುದು. ಹೆದ್ದಾರಿಯಲ್ಲಿ ಕುಮಟೆ-ಅಂಕೋಲೆ, ಅಂಕೋಲೆ-ಕಾರವಾರ ಕೂಡಿದರೆ ಕುಮಟೆ-ಕಾರವಾರ ಬರುತ್ತದೆ, ಅಷ್ಟೇ.

ಕೊನೆಗೆ ನಿಮ್ಮ ಸ್ಪರ್ಧಾ ಪರೀಕ್ಷೆಯ ಲೆಕ್ಕ. ಅ, ಬ, ಕ ಕೋನಗಳ ಎದುರಿನ ಬಾಹುಗಳು ಯ, ರ, ಲ ಇರಲಿ. ಸುತ್ತಳತೆ ಸ = ಯ + ರ + ಲ. ಗುಣಲಬ್ಧಗಳ ಮೊತ್ತ ಮ = ಯ×ಅ + ರ×ಬ + ಲ×ಕ. ಮ ÷ ಸ ಎಂಬುದು ಏನೆಂದು ಮೊದಲು ಮಕ್ಕಳಿಗೆ ಹೇಳಿ: ಅದು ಮೂರು ಕೋನಗಳ ಸರಾಸರಿಯೇ, ಆದರೆ ಪ್ರತಿ ಕೋನಕ್ಕೂ ಅದರ ಎದುರಿನ ಬಾಹುವಿನಷ್ಟು ತೂಕ. ಬರೀ ಸರಾಸರಿ 60. ದೊಡ್ಡ ಕೋನಕ್ಕೆ ದೊಡ್ಡ ತೂಕ ಬೀಳುವುದರಿಂದ ಇದು 60ರಿಂದ ಮೇಲಕ್ಕೆ ಹೋಗುತ್ತದೆ. ಇಲ್ಲಿ ಬೇಕಾದದ್ದು ಕ್ರಮ ಮಾತ್ರ, ಅನುಪಾತವಲ್ಲ.

ಬರೆಯುವ ರೀತಿ ಹೀಗೆ. ಯ ಮತ್ತು ರ ಗಳಲ್ಲಿ ಯಾವುದು ದೊಡ್ಡದೋ ಅದರ ಕೋನವೂ ದೊಡ್ಡದು, ಆದ್ದರಿಂದ (ಯ − ರ)(ಅ − ಬ) ≥ 0. ಹಾಗೆಯೇ (ರ − ಲ)(ಬ − ಕ) ≥ 0, (ಲ − ಯ)(ಕ − ಅ) ≥ 0. ಮೂರನ್ನೂ ಬಿಡಿಸಿ ಕೂಡಿದರೆ 2ಮ ≥ ಯ(ಬ + ಕ) + ರ(ಕ + ಅ) + ಲ(ಅ + ಬ). ಬ + ಕ ಬದಲಿಗೆ 180 − ಅ ಎಂದು ಹಾಕಿ, ಉಳಿದವಕ್ಕೂ ಹಾಗೇ ಮಾಡಿ. ಬಲಗಡೆ 180×ಸ − ಮ ಆಗುತ್ತದೆ. ಆದ್ದರಿಂದ 3ಮ ≥ 180×ಸ, ಮ ÷ ಸ ≥ 60. ಸಮವಾಗುವುದು ಸಮಬಾಹು ತ್ರಿಭುಜದಲ್ಲಿ ಮಾತ್ರ.

ಮೇಲಿನ ಮಿತಿಗೆ ಕ್ರಮ ಬೇಡ, 20ನೇ ಪ್ರಮೇಯ ಬೇಕು. ಯ < ರ + ಲ, ಎರಡೂ ಕಡೆ ಯ ಕೂಡಿದರೆ 2ಯ < ಸ. ಅ ದಿಂದ ಗುಣಿಸಿ: 2×ಯ×ಅ < ಸ×ಅ. ಉಳಿದೆರಡಕ್ಕೂ ಹೀಗೇ ಬರೆದು ಕೂಡಿದರೆ 2ಮ < 180×ಸ, ಮ ÷ ಸ < 90. ಇಲ್ಲಿ ≤ ಬರೆದ ಉತ್ತರಕ್ಕೆ ಪೂರ್ತಿ ಅಂಕ ಕೊಡಬೇಡಿ, ಏಕೆಂದರೆ 90 ಮುಟ್ಟುವ ತ್ರಿಭುಜವಿಲ್ಲ. ಆದರೆ 90ಕ್ಕಿಂತ ಚಿಕ್ಕ ಮಿತಿಯನ್ನೂ ಹಾಕಲು ಬಾರದು. ಕಡ್ಡಿಗಳ 8, 10, 12ಕ್ಕೆ ಉತ್ತರ 62.8. ಬಾಹುಗಳು 1, 1, 1.99 ಆದರೆ 86.9. 1, 1, 1.9999 ಆದರೆ 89.7.